ಅರುವತ್ತರ ಮೇಲಿನ ಅಕ್ಷರಾಭ್ಯಾಸ

“ಅರುವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆಯು ವೇದಕ್ಕೆ ಸಮಾನವೆಂದು ಹೇಳುವವರೂ ಉಂಟು. ಆದರೆ ಅರುವತ್ತನ್ನು ಈಗ ತಾನೇ ಮುಟ್ಟಿರುವ ನಾವು ಈ ಒಂದು ಗಾದೆಯನ್ನಾದರೂ ಪರೀಕ್ಷಿಸದೆ ಒಪ್ಪಲಾರೆವು. ವಯಸ್ಸಾದ ಮೇಲೆ ಬುದ್ಧಿಯು ತಾನಾಗಿಯೇ ಕುಗ್ಗತಕ್ಕದ್ದು, ಅದರಲ್ಲಿ ಮನುಷ್ಯಪ್ರಯತ್ನಕ್ಕೆ ಎಡೆಯಿಲ್ಲ ಎಂಬ ನಂಬಿಕೆಯು ನಮ್ಮ ಮನೆಗಳಲ್ಲಿ ಬಹಳ ಆಳವಾಗಿ ಬೇರೂರಿರುವುದು. ನಿವೃತ್ತಿಯ ಹಾರವು ಬಾಡುವುದಕ್ಕೆ ಮುಂಚೆಯೇ ಮನೆಯವರು “ಇನ್ನು ನೀವು ಸುಮ್ಮನೆ ಕುಳಿತಿರಿ” ಎನ್ನುತ್ತಾರೆ. ಪ್ರೀತಿಯ ಮಾತೇ ಸರಿ. ಆದರೆ ವೈದ್ಯಶಾಸ್ತ್ರದ ಈಚಿನ ಶೋಧನೆಗಳನ್ನು ಓದಿದಂತೆಲ್ಲ, ಹಿರಿಯರ ತಲೆಗೆ ಇದಕ್ಕಿಂತ ಅಪಥ್ಯವಾದ ಮಾತು ಬೇರೊಂದಿಲ್ಲವೆಂದು ನಮಗೆ ತೋರುತ್ತದೆ.

ನಾವು ವಿದ್ಯಾರ್ಥಿಗಳಾಗಿದ್ದಾಗ ಓದಿದ ಪಾಠಗಳಲ್ಲಿ, ಪ್ರಾಯವು ಬಂದ ಬಳಿಕ ಮಿದುಳು ಬದಲಾಗದೆಂದೂ, ಅಲ್ಲಿಂದ ಮುಂದೆ ಅದರ ಕೋಶಗಳು ನಶಿಸುತ್ತ ಹೋಗುವುವೆಂದೂ ಇತ್ತು. ಇದು ಅರ್ಧಸತ್ಯ. ಕೋಶಗಳು ತಮ್ಮತಮ್ಮೊಳಗೆ ಏರ್ಪಡಿಸಿಕೊಳ್ಳುವ ಸಂಬಂಧಗಳು ಜೀವಮಾನವಿಡೀ ಹೊಸದಾಗಿ ಹುಟ್ಟುತ್ತಲೂ, ಬಳಕೆಯಿಂದ ಬಲಿಯುತ್ತಲೂ, ಬಳಕೆ ತಪ್ಪಿದರೆ ಸಡಿಲವಾಗುತ್ತಲೂ ಇರುವುವೆಂಬುದು ಈಗ ಸಿದ್ಧವಾಗಿದೆ. ಹೊಲದ ನಡುವಣ ಕಾಲುದಾರಿಯ ಹಾಗೆ: ದಿನವೂ ನಡೆದರೆ ದಾರಿ, ಒಂದು ಮಳೆಗಾಲ ಬಿಟ್ಟರೆ ಹುಲ್ಲು. ಲಂಡನ್ ನಗರದಲ್ಲಿ ಟ್ಯಾಕ್ಸಿ ನಡೆಯಿಸಬೇಕಾದರೆ ಸುಮಾರು ೨೫,೦೦೦ ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಕೊಡಬೇಕು. ೨೦೦೦ನೆಯ ಇಸವಿಯಲ್ಲಿ ಎಲಿನಾರ್ ಮಗ್ವಾಯರ್ ಎಂಬ ವಿದುಷಿಯು ತನ್ನ ಸಂಗಡಿಗರೊಂದಿಗೆ ಈ ಚಾಲಕರ ಮಿದುಳಿನ ಚಿತ್ರಗಳನ್ನು ತೆಗೆಯಿಸಿ ನೋಡಿದಳು. ನೆನಪಿಗೂ ದಾರಿಯ ಅರಿವಿಗೂ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿಯು ಅವರಲ್ಲಿ ಇತರರಿಗಿಂತ ದೊಡ್ಡದಾಗಿತ್ತು. ಅಂಥ ಮಿದುಳುಳ್ಳವರೇ ಆ ಉದ್ಯೋಗಕ್ಕೆ ಬಂದಿರಬಾರದೇಕೆ ಎಂದು ಬುದ್ಧಿವಂತ ವಾಚಕರು ಕೇಳಬಹುದು. ಆ ಆಕ್ಷೇಪಕ್ಕೂ ಉತ್ತರವುಂಟು. ೨೦೧೧ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ಕಲಿಕೆಯ ಆರಂಭದಲ್ಲಿ ಎಲ್ಲರ ಮಿದುಳೂ ಒಂದೇ ತೆರನಾಗಿದ್ದು, ವರ್ಷಗಳ ಅಭ್ಯಾಸದ ತರುವಾಯ ತೇರ್ಗಡೆಯಾದವರಲ್ಲಿ ಮಾತ್ರ ಆ ಭಾಗವು ಬೆಳೆದಿದ್ದುದು ಕಂಡುಬಂದಿತು.

ಇದಕ್ಕೂ ಮರೆವಿನ ರೋಗಕ್ಕೂ ಏನು ಸಂಬಂಧ? ಮೃತರಾದ ಕೆಲವರ ಮಿದುಳನ್ನು ಪರೀಕ್ಷಿಸಿದಾಗ ಅಲ್ಜೈಮರ್ ರೋಗದ ಗುರುತುಗಳು ಧಾರಾಳವಾಗಿ ಕಂಡರೂ, ಆ ವ್ಯಕ್ತಿಗಳು ಬದುಕಿದ್ದಾಗ ಯಾವ ಮರೆವನ್ನೂ ತೋರಿರಲಿಲ್ಲವೆಂಬ ಸಂಗತಿಯು ೧೯೮೮ರಲ್ಲೇ ಅಮೆರಿಕದ ವೈದ್ಯರ ಗಮನಕ್ಕೆ ಬಂದಿತ್ತು. ಅಂಥವರಲ್ಲಿ ಬುದ್ಧಿಯ ಒಂದು ಮೀಸಲು ಇರುವುದೆಂದು ಅವರು ಊಹಿಸಿದರು. ನಮ್ಮ ಸೀಮೆಯ ಒಕ್ಕಲಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರಗಾಲವು ಊರಿಗೆಲ್ಲ ಒಂದೇ. ಆದರೆ ಹಗೇವಿನಲ್ಲಿ ಜೋಳ ತುಂಬಿಟ್ಟವನು ಎರಡು ವರ್ಷ ತಡೆಯುತ್ತಾನೆ, ಬರಿಯ ಹಗೇವಿನವನು ಎರಡು ತಿಂಗಳಿಗೇ ಗುಳೆ ಹೊರಡುತ್ತಾನೆ. ಜೋಳವಿದ್ದುದರಿಂದ ಮಳೆಯೇನೂ ಬರುವುದಿಲ್ಲ. ಕಲಿಕೆಯು ರೋಗವನ್ನು ಅಳಿಸುವುದಿಲ್ಲ; ಅದರ ಬಾಧೆಯನ್ನು ಮುಂದೂಡುತ್ತದೆ ಎಂಬಷ್ಟೇ ಪಂಡಿತರ ಮಾತು. ನಾವೂ ಅಷ್ಟನ್ನೇ ಹೇಳುತ್ತೇವೆ.

ಈ ವಿಷಯದಲ್ಲಿ ಜಗತ್ತೆಲ್ಲ ಉಲ್ಲೇಖಿಸುವ ಒಂದು ಶೋಧನೆಯು ನಮ್ಮ ನೆರೆಯ ಹೈದರಾಬಾದಿನಲ್ಲೇ ನಡೆದುದೆಂಬುದನ್ನು ಬೀದರಿನವರು ತಿಳಿಯಬೇಕು. ಅಲ್ಲಿಯ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ನರರೋಗತಜ್ಞೆ ಡಾ॥ ಸುವರ್ಣಾ ಅಲ್ಲಾಡಿಯವರೂ ಅವರ ಸಂಗಡಿಗರೂ ಮರೆವಿನ ರೋಗಕ್ಕೆ ತುತ್ತಾದ ೬೪೮ ಮಂದಿಯ ವೃತ್ತಾಂತವನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದರು. ಒಂದೇ ಭಾಷೆಯನ್ನು ಬಲ್ಲವರಿಗಿಂತ ಎರಡು ಭಾಷೆಗಳನ್ನು ಬಲ್ಲವರಿಗೆ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಇದಕ್ಕಿಂತ ವಿಶೇಷವೇನೆಂದರೆ, ಅಕ್ಷರವನ್ನೇ ಕಾಣದವರಲ್ಲಿಯೂ ಈ ಅಂತರವಿತ್ತು. ಅವರಲ್ಲಿ ಅದು ಸುಮಾರು ಆರು ವರ್ಷಗಳಷ್ಟು. ಆದುದರಿಂದ ಇದು ಶಾಲೆಯ ವಿದ್ಯೆಯ ಫಲವೆಂದು ತಳ್ಳಿಹಾಕುವಂತಿಲ್ಲ. ಮೂರು ನಾಲ್ಕು ಭಾಷೆ ಬಲ್ಲವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲವೆಂಬುದನ್ನೂ, ಬೇರೆ ದೇಶಗಳ ಶೋಧನೆಗಳೆಲ್ಲವೂ ಇದರೊಡನೆ ಒಮ್ಮತವಾಗಿಲ್ಲವೆಂಬುದನ್ನೂ ಮರೆಮಾಚದೆ ಹೇಳಬೇಕು. ಕಾರಣವನ್ನು ಅವರು ಹೀಗೆ ಊಹಿಸುತ್ತಾರೆ: ಎರಡು ಭಾಷೆಯವನು ಬಾಯಿ ತೆರೆದಾಗಲೆಲ್ಲ ಮಿದುಳು ಒಂದನ್ನು ಮುಂದೆ ಬಿಟ್ಟು ಇನ್ನೊಂದನ್ನು ಹಿಂದೆ ಹಿಡಿಯಬೇಕು. ದಿನಕ್ಕೆ ನೂರಾರು ಸಲ ನಡೆಯುವ ಈ ಹಿಡಿತ-ಬಿಡಿತವೇ ಅದಕ್ಕೆ ಸಾಮು.

ಹೀಗೆಂದಮೇಲೆ ಔರಾದಿನ ಸಂತೆಯು ಒಂದು ದೊಡ್ಡ ಗರಡಿಯೇ ಸರಿ! ಮಹಾರಾಷ್ಟ್ರ, ತೆಲಂಗಾಣಗಳೆರಡರ ಗಡಿಯನ್ನೂ ಮುಟ್ಟಿರುವ ಈ ತಾಲೂಕಿನಲ್ಲಿ ಬದನೆಕಾಯಿ ಮಾರುವ ಹೆಂಗಸು ಒಬ್ಬರಿಗೆ ಮರಾಠಿಯಲ್ಲಿ ಬೆಲೆ ಹೇಳಿ, ಮತ್ತೊಬ್ಬರೊಡನೆ ದಖ್ಖನಿಯಲ್ಲಿ ಚೌಕಾಸಿ ಮಾಡಿ, ಮಗುವನ್ನು ಕನ್ನಡದಲ್ಲಿ ಗದರಿಸುತ್ತಾಳೆ. ತಾಂಡಾದಿಂದ ಬಂದವಳಾಗಿದ್ದರೆ ಮನೆಯ ಮಾತು ಇನ್ನೊಂದು. ಇವರನ್ನು ಅವಿದ್ಯಾವಂತರೆಂದು ಕರೆಯುವಾಗ ನಾಲಗೆಯು ಸ್ವಲ್ಪ ಅಳುಕಬೇಕು.

ನಮ್ಮ ಹಿಂದಿನ ತಲೆಮಾರಿನವರು ಇದನ್ನು ಬೇರೆ ರೀತಿಯಲ್ಲಿ ಅನುಭವಿಸಿದರು. ನಿಜಾಮರ ಆಳ್ವಿಕೆಯಲ್ಲಿ ಶಾಲೆ, ಕಚೇರಿ, ನ್ಯಾಯಸ್ಥಾನಗಳ ಭಾಷೆಯು ಉರ್ದು. ೧೯೪೮ರ ಸಪ್ಟೆಂಬರಿನಲ್ಲಿ ಆ ಆಳ್ವಿಕೆಯು ಮುಗಿಯಿತು. ೧೯೫೬ರ ನವೆಂಬರ ೧ರಂದು ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಮನೆಯಲ್ಲಿ ಕನ್ನಡವನ್ನಾಡುತ್ತಿದ್ದರೂ ಉರ್ದುವಿನಲ್ಲೇ ಓದಿ ಬರೆದು ಬೆಳೆದಿದ್ದ ನಮ್ಮ ತಂದೆಯವರಂಥವರು ಮೀಸೆ ಬಲಿತ ಮೇಲೆ ಕನ್ನಡದ ಕಾಗುಣಿತವನ್ನು ತಿದ್ದಬೇಕಾಯಿತು. ಕನ್ನಡವು ಆ ಕಷ್ಟಕಾಲವನ್ನು ದಾಟಿ ಬಂದುದಕ್ಕೆ ಭಾಲ್ಕಿಯ ಹಿರೇಮಠದ ಉಪಕಾರವು ದೊಡ್ಡದು. ೧೮೮೯ರಲ್ಲಿ ಕಮಲನಗರದಲ್ಲಿ ಜನಿಸಿದ ಡಾ॥ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಕಥೆಯನ್ನು ಜಿಲ್ಲೆಯ ಮಕ್ಕಳೆಲ್ಲರೂ ಬಲ್ಲರು. ಅವರು ೧೯೯೯ರವರೆಗೆ, ನೂರನ್ನೂ ದಾಟಿ ಬಾಳಿದರು. ವಿದ್ಯೆಯಿಂದಲೇ ಆಯುಸ್ಸು ಬಂದಿತೆಂದು ನಾವು ವಾದಿಸುವುದಿಲ್ಲ. ಆಯುಸ್ಸಿನ ಲೆಕ್ಕವು ಬೇರೆ. ಕಲಿಯುವುದು ಕಲಿಸುವುದು ವಯಸ್ಸಿನೊಡನೆ ಮುಗಿಯತಕ್ಕ ಕೆಲಸವಲ್ಲವೆಂಬುದಕ್ಕೆ ನಮ್ಮ ಕಣ್ಣ ಮುಂದೆಯೇ ಒಬ್ಬರು ಇದ್ದರೆಂದಷ್ಟೇ ನಮ್ಮ ಮಾತು.

ಇಲ್ಲಿ ಒಂದು ಪ್ರಶ್ನೆಯನ್ನು ನಮ್ಮ ಗೆಳೆಯರು ಎತ್ತುತ್ತಾರೆ. “ನಾವು ದಿನವೂ ವೃತ್ತಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೂ ಓದುತ್ತೇವೆ, ಪದಬಂಧವನ್ನು ಬಿಡಿಸುತ್ತೇವೆ, ಸ್ತೋತ್ರಗಳು ಕಂಠಸ್ಥವಾಗಿವೆ. ಇಷ್ಟು ಸಾಲದೆ?” ಸಾಲದೆಂದೇ ನಮ್ಮ ಅಭಿಪ್ರಾಯ. ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಡೆನೀಸ್ ಪಾರ್ಕ್ ಎಂಬುವರು ೬೦ರಿಂದ ೯೦ ವಯಸ್ಸಿನ ಸ್ತ್ರೀಪುರುಷರನ್ನು ಬೇರೆ ಬೇರೆ ಗುಂಪುಗಳಾಗಿ ಮಾಡಿ ಪರೀಕ್ಷಿಸಿ ೨೦೧೪ರಲ್ಲಿ ಫಲವನ್ನು ಪ್ರಕಟಿಸಿದರು. ಕೆಲವರಿಗೆ ಛಾಯಾಚಿತ್ರ ತೆಗೆದು ಗಣಕಯಂತ್ರದಲ್ಲಿ ತಿದ್ದುವ ವಿದ್ಯೆ, ಕೆಲವರಿಗೆ ಕೌದಿ ಹೊಲಿಯುವ ವಿದ್ಯೆ, ಕೆಲವರಿಗೆ ಎರಡೂ. ವಾರಕ್ಕೆ ಸುಮಾರು ೧೫ ಗಂಟೆಯಂತೆ ಮೂರು ತಿಂಗಳು ಅಭ್ಯಾಸ. ಬೇರೊಂದು ಗುಂಪಿನವರು ಅಷ್ಟೇ ಹೊತ್ತು ಒಟ್ಟುಗೂಡಿ ಹರಟೆ, ಆಟ, ವಿಹಾರಗಳಲ್ಲಿ ಕಳೆದರು. ಇನ್ನೊಂದು ಗುಂಪಿನವರು ಮನೆಯಲ್ಲಿದ್ದು ತಮಗೆ ತಿಳಿದ ಕೆಲಸಗಳನ್ನೇ ಮಾಡಿದರು. ಕೊನೆಯಲ್ಲಿ ಹೊಸದನ್ನು ಕಲಿತವರ ಜ್ಞಾಪಕಶಕ್ತಿಯು ಮೇಲಾಗಿತ್ತು. ಸಂತೋಷವಾಗಿ ಕಾಲ ಕಳೆದವರಿಗೆ ಆ ಲಾಭವು ದೊರೆಯಲಿಲ್ಲ.

ಕೌದಿಯ ಹೆಸರನ್ನು ಓದಿದಾಗ ನಮಗೆ ನಗು ಬಂದಿತು. ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುವುದು ನಮ್ಮ ಭಾಲ್ಕಿ ಔರಾದುಗಳ ಅಜ್ಜಿಯರಿಗೆ ಕಣ್ಣು ಮುಚ್ಚಿಯೂ ಬರುವ ಕೆಲಸ. ಟೆಕ್ಸಸಿನ ಅಜ್ಜಿಗೆ ಮದ್ದಾದದ್ದು ಔರಾದಿನ ಅಜ್ಜಿಗೆ ಮದ್ದಾಗಲಾರದು. ಅವಳ ಕೈಗೆ ಮೊಮ್ಮಗನ ಫೋನು ಕೊಟ್ಟು ಚಿತ್ರ ತೆಗೆಯಲು ಕಲಿಸಬೇಕು. ಹಾಗೆಯೇ ಊರಿಗೆಲ್ಲ ಛಾಯಾಚಿತ್ರ ತೆಗೆದು ಜೀವನ ಸಾಗಿಸಿದವನು ಸೂಜಿ ಹಿಡಿಯಲಿ. ವಿದ್ಯೆಯು ಉಚ್ಚವೋ ಸಾಮಾನ್ಯವೋ ಎಂಬುದು ಇಲ್ಲಿ ಮುಖ್ಯವಲ್ಲ. ತನಗೆ ಅದು ಹೊಸದಾಗಿರಬೇಕು. ಮೊದಲು ಕೆಲವು ದಿನ ತಲೆ ಬಿಸಿಯಾಗಬೇಕು. ಸಲೀಸಾಗಿ ಬಂದ ಮೇಲೆ ಅದು ಕೆಲಸವಾಯಿತು, ಕಲಿಕೆಯಲ್ಲ.

ಸಂಸ್ಕೃತವನ್ನು ಓದಿದವರಾದ ನಮಗೆ ಇದೇ ವಿಚಾರವನ್ನು ನಮ್ಮವರ ಮೇಲೂ ಹೂಡಬೇಕೆನ್ನಿಸುತ್ತದೆ. ೨೦೧೬ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ, ಬಾಲ್ಯದಿಂದ ಯಜುರ್ವೇದವನ್ನು ಕಂಠಪಾಠ ಮಾಡಿದ ೨೧ ಮಂದಿ ಪಂಡಿತರ ಮಿದುಳನ್ನು ಚಿತ್ರದಲ್ಲಿ ಹಿಡಿದು ನೋಡಲಾಗಿ, ಸ್ಮೃತಿಗೂ ಶ್ರವಣಕ್ಕೂ ಸೇರಿದ ಭಾಗಗಳು ಇತರರಿಗಿಂತ ದಪ್ಪವಾಗಿಯೂ ಪುಷ್ಟವಾಗಿಯೂ ಇದ್ದುವೆಂದು ಹೇಳಿದೆ. ಇದನ್ನು ಕೇಳಿ ಬೀಗುವವರನ್ನು ಕಂಡಿದ್ದೇವೆ. ಆದರೆ ಆ ಪಂಡಿತರು ದಿನಕ್ಕೆ ಹಲವು ಗಂಟೆಗಳಂತೆ ವರ್ಷಾನುಗಟ್ಟಲೆ ದುಡಿದರು. ಅರುವತ್ತರಲ್ಲಿ ಬೆಳಗಿನ ಸ್ನಾನದ ಸಂಗಡ ತಾನಾಗಿ ಹೊರಬರುವ ಸ್ತೋತ್ರಕ್ಕೆ ಆ ಪುಣ್ಯವನ್ನು ಲೆಕ್ಕ ಹಾಕುವುದು ಸರಿಯಲ್ಲ. ಭಕ್ತಿಗಾಗಿ ಅದನ್ನು ಹೇಳಿಕೊಳ್ಳಲಿ. ಬುದ್ಧಿಗಾಗಿಯಾದರೆ ಇದುವರೆಗೆ ಬಾರದ ಒಂದು ಹೊಸ ಸ್ತೋತ್ರವನ್ನು ಕಲಿಯಲಿ.

ಇನ್ನು ಸ್ತ್ರೀಯರ ಮಾತು. ೨೦೧೧ರ ಜನಗಣತಿಯ ಪ್ರಕಾರ ಬೀದರ ಜಿಲ್ಲೆಯಲ್ಲಿ ಪ್ರತಿ ಹತ್ತು ಮಂದಿ ಸ್ತ್ರೀಯರಲ್ಲಿ ಸುಮಾರು ನಾಲ್ವರಿಗೆ ಓದುಬರಹ ಬಾರದು. ಹಿರಿಯ ವಯಸ್ಸಿನವರನ್ನು ಮಾತ್ರ ಎಣಿಸಿದರೆ ಸಂಖ್ಯೆಯು ಇನ್ನೂ ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ. ಇವರಿಗೆ ಅಕ್ಷರವೇ ಹೊಸ ವಿದ್ಯೆ. ಲಖನೌ ನಗರದ ಸಮೀಪದ ಹಳ್ಳಿಗಳಲ್ಲಿ ಅಕ್ಷರವರಿಯದ ವಯಸ್ಕರಿಗೆ, ಅವರಲ್ಲಿ ಬಹುಮಟ್ಟಿಗೆ ಸ್ತ್ರೀಯರಿಗೇ, ಆರು ತಿಂಗಳು ದೇವನಾಗರಿಯನ್ನು ಕಲಿಸಿ ಹಿಂದೆ ಮುಂದೆ ಮಿದುಳಿನ ಚಿತ್ರಗಳನ್ನು ತೆಗೆದರು. ಫಲವು ೨೦೧೭ರಲ್ಲಿ ಹೊರಬಂದಿತು. ಬದಲಾವಣೆಯು ಮಿದುಳಿನ ಮೇಲುಪೊರೆಯಲ್ಲಷ್ಟೇ ಅಲ್ಲ, ಒಳಗಣ ಪುರಾತನ ಭಾಗಗಳಾದ ಥಾಲಮಸ್ ಮತ್ತು ಮಿದುಳುಕಾಂಡದಲ್ಲಿಯೂ ಕಂಡುಬಂದಿತು. ಅವರು ಮೂವತ್ತರ ಆಸುಪಾಸಿನವರು, ಎಪ್ಪತ್ತರವರಲ್ಲ. ಆದರೂ ಬರಿಯ ಆರು ತಿಂಗಳಲ್ಲಿ ಇಷ್ಟಾಯಿತೆಂಬುದು ಆಶ್ಚರ್ಯವಲ್ಲವೆ?

ನಮ್ಮ ಹಿರಿಯಕ್ಕನವರು ಔರಾದು ತಾಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಭಾವನವರು ಇರುವವರೆಗೆ ಬಸ್ಸಿನ ಫಲಕವನ್ನು ಅವರು ಓದುತ್ತಿದ್ದರು. ಅಕ್ಕನವರು ಹಿಂದೆ ನಡೆಯುತ್ತಿದ್ದರು. ಭಾವನವರು ಹೋದ ಮೇಲೆ ಅಕ್ಕನವರು ಊರು ಬಿಟ್ಟು ಹೊರಡುವುದನ್ನೇ ನಿಲ್ಲಿಸಿದರು. ಮಗನಿರುವುದು ಭಾಲ್ಕಿಯಲ್ಲಿ, ಕಣ್ಣಿನ ವೈದ್ಯರು ಬೀದರದಲ್ಲಿ, ಎಲ್ಲಿಗೂ ಇಲ್ಲ. ಕೇಳಿದ ಮಾತಿಗೆ ಉತ್ತರವಿಲ್ಲ, ಇಟ್ಟ ವಸ್ತುವಿನ ನೆನಪಿಲ್ಲ. ಮನೆಯವರು ಮೆಲ್ಲಗೆ ಅರಳುಮರಳಿನ ಹೆಸರನ್ನೆತ್ತತೊಡಗಿದರು. ಆಗ ಐದನೆಯ ತರಗತಿಯ ಮೊಮ್ಮಗಳು ಪಾಟಿಯನ್ನು ತಂದು ಅಜ್ಜಿಯ ಮುಂದಿಟ್ಟಳು. “ಈ ವಯಸ್ಸಿನ್ಯಾಗ ಅ ಆ ಬರಕೋತ ಕುಂತ್ರ ಮಂದಿ ನಗ್ತಾರ ತಮ್ಮಾ” ಎಂದು ಅಕ್ಕನವರು ನಮ್ಮಲ್ಲಿ ದೂರಿದರು. ಹುಡುಗಿಯು ಬಲು ಜಾಣೆ. ಅ ಆ ಬೇಡವೆಂದು, ಮೂರೇ ಮೂರು ಅಕ್ಷರಗಳನ್ನು ಆರಿಸಿಕೊಂಡಳು: ಬೀದರಿನ ‘ಬೀ’, ಭಾಲ್ಕಿಯ ‘ಭಾ’, ಔರಾದಿನ ‘ಔ’. ನಾವು ಮೂವತ್ತು ವರ್ಷ ಪಾಠ ಹೇಳಿದವರು. ವರ್ಣಮಾಲೆಯಲ್ಲಿ ಅಪರೂಪಕ್ಕೆ ಬಳಕೆಯಾಗುವ ‘ಔ’ವನ್ನು ಮೊದಲ ದಿನವೇ ಕಲಿಸಬೇಕೆಂದು ನಮಗೆ ಹೊಳೆಯುತ್ತಿರಲಿಲ್ಲ. ಬಕಾರದ ಕೆಳಗೆ ಗೀಟು ಬಂದರೆ ಮಗನ ಊರು, ಬಾರದಿದ್ದರೆ ವೈದ್ಯರ ಊರು ಎಂದು ಅಕ್ಕನವರು ತಾವೇ ಗುರುತಿಟ್ಟುಕೊಂಡರು. ಎರಡು ತಿಂಗಳ ತರುವಾಯ ಅವರು ಒಬ್ಬರೇ ಭಾಲ್ಕಿಯಲ್ಲಿ ಇಳಿದರು. ಈಗ ಬ್ಯಾಂಕಿನ ಪಾಸುಪುಸ್ತಕದಲ್ಲಿ ತಮ್ಮ ಹೆಸರನ್ನು ಹುಡುಕಿ ಓದುತ್ತಾರೆ. ಅವರ ಅಂದಿನ ಮೌನವು ದುಃಖದ್ದಾಗಿತ್ತೋ ಮರೆವಿನದ್ದಾಗಿತ್ತೋ ನಿರ್ಣಯಿಸಲು ನಾವು ವೈದ್ಯರಲ್ಲ. ಮೌನವು ಹೋಯಿತೆಂಬುದನ್ನು ಮಾತ್ರ ಬಲ್ಲೆವು.

ಕಲಿಯತಕ್ಕ ವಸ್ತುವಿಗೆ ಬೀದರದಲ್ಲಿ ಕೊರತೆಯಿಲ್ಲ. ಗೀಲಾನ್ ದೇಶದ ಮಹಮೂದ್ ಗವಾನನು ನಾಲ್ವತ್ತು ದಾಟಿದ ಮೇಲೆ ಈ ಊರಿಗೆ ಬಂದು, ಮಂತ್ರಿಯಾಗಿ, ೧೪೭೨ರಲ್ಲಿ ಮೂರಂತಸ್ತಿನ ಮದರಸೆಯನ್ನು ಕಟ್ಟಿಸಿದನು. ಅಲ್ಲಿ ಮೂರು ಸಾವಿರ ಗ್ರಂಥಗಳ ಭಂಡಾರವಿತ್ತೆಂದು ಹೇಳುವರು. ಗೋಡೆಯ ಹೆಂಚಿನ ಬರಹವನ್ನು ನೋಡುತ್ತ ಹಾದುಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ಅದರ ಒಂದು ಅಕ್ಷರವಾದರೂ ತಿಳಿದೀತು? ಬಿದರಿ ಕೆಲಸವಂತೂ ನಮ್ಮ ಊರಿನ ಹೆಸರನ್ನೇ ಹೊತ್ತಿರುವುದು. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರಸಿ ಎರಕ ಹೊಯ್ದು, ಉಜ್ಜಿ ನಯ ಮಾಡಿ, ಗೆರೆ ಕಾಣುವಂತೆ ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಬಳ್ಳಿಯನ್ನು ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ತಟ್ಟಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರವನ್ನು ಸೇರಿಸಿ ಬಿಸಿ ಮಾಡಿದ ಪಾತ್ರೆಗೆ ಉಜ್ಜಿದರೆ ಲೋಹವೆಲ್ಲ ಕಾಡಿಗೆಯಾಗುತ್ತದೆ, ಬೆಳ್ಳಿ ಮಾತ್ರ ಬೆಳಗುತ್ತದೆ. ಕುಶಲಿಗಳು ಆ ಮಣ್ಣನ್ನು ನಾಲಗೆಗೆ ಹಚ್ಚಿ ಗುಣವನ್ನು ಅರಿಯುವರು. ಇದನ್ನು ಮುದಿವಯಸ್ಸಿನಲ್ಲಿ ಕಲಿತು ಕಸುಬುಗಾರರಾಗಬೇಕೆಂದಲ್ಲ. ಒಂದು ಬಳ್ಳಿಯನ್ನು ಕಾಗದದ ಮೇಲೆ ಬರೆಯಲು ಕಲಿತರೂ ಸಾಕು. ಎಲೆಯ ತುದಿಯು ಎಲ್ಲಿ ತಿರುಗಬೇಕೆಂಬುದರಲ್ಲಿ ಒಂದು ಸಂಜೆ ಕಳೆಯುತ್ತದೆ.

ಮನೆಯ ಯಜಮಾನರಿಗೂ ಗೃಹಿಣಿಯರಿಗೂ ಒಂದೆರಡು ಮಾತು. ಬುದ್ಧಿಯ ಗುಣಗಳನ್ನು ನಮ್ಮ ಶಾಸ್ತ್ರಕಾರರು ಎಣಿಸುವಾಗ ಗ್ರಹಣ, ಧಾರಣ, ಊಹೆಗಳಿಗಿಂತ ಮುಂಚೆ ಶುಶ್ರೂಷೆಯನ್ನು ಇಟ್ಟರು. ಈ ಶಬ್ದಕ್ಕೆ ಕೇಳಬೇಕೆಂಬ ಇಚ್ಛೆಯೆಂದು ಮೂಲಾರ್ಥ; ರೋಗಿಯ ಉಪಚಾರವೆಂಬ ಅರ್ಥವು ಆಮೇಲೆ ಬಂದುದು. ಹಿರಿಯರ ಶುಶ್ರೂಷೆಯೆಂದರೆ ಹೊತ್ತಿಗೆ ಸರಿಯಾಗಿ ಅನ್ನ ಔಷಧಗಳನ್ನು ಕೊಡುವುದೆಂದು ನಾವು ತಿಳಿದಿದ್ದೇವೆ. ಅವರಲ್ಲಿ ಕೇಳುವ ಇಚ್ಛೆಯನ್ನು ಉಳಿಸುವ ಕೆಲಸವನ್ನು ಮರೆತಿದ್ದೇವೆ. ಕಿವಿ ಮಂದವಾದವರಿಗೆ ಶ್ರವಣಯಂತ್ರವನ್ನು ತಂದುಕೊಡಿರಿ. ೨೦೨೪ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವು ಮರೆವಿನ ರೋಗಕ್ಕೆ ಕಾರಣವಾಗುವ, ಆದರೆ ನಾವು ತಿದ್ದಬಹುದಾದ, ೧೪ ಸಂಗತಿಗಳನ್ನು ಪಟ್ಟಿಮಾಡಿತು. ಬಾಲ್ಯದ ವಿದ್ಯಾಭಾವ, ಕಿವುಡು, ಕಣ್ಣಿನ ಮಂದತನ, ರಕ್ತದ ಒತ್ತಡ, ಸಿಹಿಮೂತ್ರ, ತಂಬಾಕು, ಒಂಟಿತನ ಇವೆಲ್ಲವೂ ಅದರಲ್ಲಿವೆ. ಒತ್ತಡದ ಗುಳಿಗೆಯನ್ನು ಬಿಟ್ಟು ಸಂಸ್ಕೃತ ಕಲಿತರೆ ಉಪಯೋಗವಿಲ್ಲ. ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ಕೆಡುವುದು, ಮಾತಿಗೆ ಪದ ಸಿಕ್ಕದಿರುವುದು ಕಾಣಿಸಿದರೆ ವಯಸ್ಸಿನ ಗುಣವೆಂದು ಬಿಡದೆ ವೈದ್ಯರಿಗೆ ತೋರಿಸತಕ್ಕದ್ದು. ಥೈರಾಯ್ಡಿನ ದೋಷದಿಂದಲೂ ಬಿ-೧೨ ಜೀವಸತ್ತ್ವದ ಕೊರತೆಯಿಂದಲೂ ಬರುವ ಮರೆವು ಚಿಕಿತ್ಸೆಗೆ ಬಗ್ಗುವುದುಂಟು.

ಕಲಿಯುವಾಗ ಒಂದೇ ವಿಷಯವನ್ನು ಹಿಡಿಯುವುದು ಮೇಲು. ದಿನಕ್ಕೆ ಒಂದು ಗಂಟೆ, ಅದೂ ಬೆಳಗಿನಲ್ಲಿ. ಊಟದ ಮೇಲೆ ಪುಸ್ತಕ ಹಿಡಿದರೆ ನಿದ್ರೆಯೇ ಗುರು. ಗುರುವು ತನಗಿಂತ ಕಿರಿಯನಾದರೆ ಬಹಳ ಒಳ್ಳೆಯದು, ನಾಚಿಕೆಯು ಬೇಗ ಬಿಡುತ್ತದೆ. ನಾವು ನಿವೃತ್ತರಾದ ಮೇಲೆ ಉರ್ದು ಲಿಪಿಯನ್ನು ಹಿಡಿದಿದ್ದೇವೆ. ತಂದೆಯವರು ಬಿಟ್ಟುಹೋದ ಒಂದು ಕಟ್ಟು ಕಾಗದಗಳಿವೆ. ಮನೆಯಲ್ಲಿ ಅವನ್ನು ಓದಬಲ್ಲವರು ಯಾರೂ ಉಳಿದಿಲ್ಲ. ಆಡುವ ಉರ್ದು ಬೀದರದ ಗಾಳಿಯಲ್ಲೇ ಇದೆ, ಬರಹವು ಹಾಗಲ್ಲ. ಬಲದಿಂದ ಎಡಕ್ಕೆ ಓದಬೇಕು. ಒಂದೇ ಅಕ್ಷರವು ಮೊದಲಲ್ಲೊಂದು, ನಡುವಲ್ಲೊಂದು, ಕೊನೆಯಲ್ಲೊಂದು ವೇಷ ಹಾಕುತ್ತದೆ. ಹ್ರಸ್ವಸ್ವರಗಳನ್ನು ಬರೆಯುವ ವಾಡಿಕೆಯೇ ಇಲ್ಲ. ‘ಸ’ಕಾರದ ಧ್ವನಿಗೆ ಸೇ, ಸೀನ್, ಸ್ವಾದ್ ಎಂದು ಮೂರು ಅಕ್ಷರಗಳು. ಬರೆದಂತೆ ಓದುವ ಕನ್ನಡದವರಿಗೆ ಇದು ಒಳ್ಳೆಯ ಶಿಕ್ಷೆ. ಚೌಬಾರಾದ ಸಮೀಪದ ಒಬ್ಬ ದರ್ಜಿಯವರು ನಮಗೆ ಉಸ್ತಾದರು. ಅವರಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ನಗರಸಭೆಯಿಂದ ಬರುವ ಕಾಗದಗಳನ್ನು ತಾವೇ ಓದಬೇಕೆಂದು ಅವರ ಆಸೆ. ಆದುದರಿಂದ ವಾರದಲ್ಲಿ ಮೂರು ದಿನ ಹೊಲಿಗೆಯ ಯಂತ್ರದ ಪಕ್ಕದಲ್ಲಿ ನಮ್ಮ ಪಾಠ, ಮೂರು ದಿನ ಅವರದು. ನಾವು ತಂದೆಯವರ ಮೊದಲನೆಯ ಕಾಗದದ ನಾಲ್ಕನೆಯ ಸಾಲಿನಲ್ಲಿದ್ದೇವೆ; ಅವರು ಈ ವಾರ ಒತ್ತಕ್ಷರಗಳಿಗೆ ಬಂದಿದ್ದಾರೆ.